ಗೋಡೆಗೆ ಮುಖ ಮಾಡಿ ಕುಡಿದವರು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಮೂರು ತಿಂಗಳಿಂದ ಯೋಚಿಸುತ್ತಿದ್ದೇನೆ. ಇಲ್ಲ ಎಂದೇ ಅನ್ನಿಸುತ್ತದೆ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ಸಂಜೆ ಕಾಲೇಜಿನಲ್ಲಿ ಮೂರು ವರ್ಷದ ಬಿ.ಕಾಂ. ಅನ್ನು ಐದು ವರ್ಷಕ್ಕೆ ಮುಗಿಸಿದವಳು ನಾನು. ನನ್ನ ಪ್ರಬಂಧದ ಕೆಳಗೆ ನಮ್ಮ ಮೇಷ್ಟ್ರು ಒಮ್ಮೆ ಕೆಂಪು ಶಾಯಿಯಲ್ಲಿ 'ವಿಷಯಕ್ಕೆ ಬರಲು ತಡ ಮಾಡುತ್ತೀಯ' ಎಂದು ಬರೆದಿದ್ದರು. ಈಗಲೂ ಅದನ್ನೇ ಮಾಡುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ನಿಜವಾಗಿ ಇದನ್ನು ದಸ್ತಗೀರ್ ಸಾಹೇಬರು ಹೇಳಬೇಕಿತ್ತು. ಆದರೆ ಅವರು ಏನನ್ನೂ ಹೇಳುವವರಲ್ಲ. ಈ ಕಥೆಯ ಅರ್ಧ ತೊಂದರೆ ಬಂದದ್ದೇ ಅದರಿಂದ. ಇನ್ನರ್ಧ ನನ್ನಿಂದ ಬಂತು.

ನಮ್ಮೂರಿನಲ್ಲಿ ಯಾರಿಗೂ ತಮ್ಮ ಬಾಯಾರಿಕೆ ತಮಗೆ ತಿಳಿಯುವುದಿಲ್ಲ, ಪಕ್ಕದವರಿಗೆ ತಿಳಿಯುತ್ತದೆ. ಮೂರು ಮೊಳದೊಳಗೆ ಯಾರಿದ್ದಾರೋ ಅವರ ಗಂಟಲು ಒಣಗುತ್ತದೆ, ಅವರು ಎದ್ದು ನಿಮಗೆ ನೀರು ಕೊಡುತ್ತಾರೆ, ನೀವು ಕುಡಿದ ಮೇಲೆ ಅವರ ಗಂಟಲು ಸರಿಹೋಗುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ಇದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಟಾಕೀಸಿನಲ್ಲಿ ಸಾಲಿನ ಈ ತುದಿಯಿಂದ ಆ ತುದಿಗೆ ಚೊಂಬು ಓಡಾಡುತ್ತಲೇ ಇರುತ್ತದೆ, ಕಥೆ ಎಲ್ಲಿಗೆ ಬಂತು ಎಂದು ಕೇಳುವವರೇ ಜಾಸ್ತಿ. ಪರೀಕ್ಷೆಯ ಕೋಣೆಯಲ್ಲಿ ಕಾವಲಿನ ಮೇಷ್ಟ್ರು ಬೆಂಚುಗಳ ನಡುವೆ ನಡೆಯುತ್ತ ಎಲ್ಲಿ ಕೆಮ್ಮಿದರೋ ಅಲ್ಲೊಂದು ಮಗುವಿಗೆ ನೀರು ಬೇಕು ಎಂದರ್ಥ. ಬಸ್ ಕಂಡಕ್ಟರ್ ಒಂದು ಹೆಗಲಿಗೆ ಟಿಕೆಟ್ಟಿನ ಚೀಲ, ಇನ್ನೊಂದಕ್ಕೆ ನೀರಿನ ಕ್ಯಾನು ಹಾಕಿಕೊಂಡಿರುತ್ತಾನೆ. ಗಂಡ ಹೆಂಡಿರ ಜಗಳ ಬೇರೆ ಊರುಗಳಲ್ಲಿ ಉಂಡು ಮಲಗುವ ತನಕ ಇರುತ್ತದಂತೆ. ನಮ್ಮಲ್ಲಿ ಅಷ್ಟು ಹೊತ್ತು ಬಾಳುವುದಿಲ್ಲ. ಎಷ್ಟೇ ಮುನಿಸಿಕೊಂಡಿದ್ದರೂ ಸ್ವಲ್ಪ ಹೊತ್ತಿಗೆ ಒಬ್ಬರು ಎದ್ದು ಇನ್ನೊಬ್ಬರ ಮುಂದೆ ಠಣ್ಣೆಂದು ಲೋಟ ಕುಕ್ಕಲೇಬೇಕು, ಇಲ್ಲದಿದ್ದರೆ ಬೈಯಲೂ ಗಂಟಲು ಇರುವುದಿಲ್ಲ.

ಹಾಗಾಗಿ ನಮ್ಮಲ್ಲಿ ತನ್ನ ನೀರನ್ನು ತಾನೇ ತೆಗೆದುಕೊಂಡು ಕುಡಿಯುವುದು ಮರ್ಯಾದೆಯಲ್ಲ. ಬಾಯಾರಿಕೆ ತಿಳಿಯದಿದ್ದರೂ ಗಡಿಯಾರ ನೋಡಿಕೊಂಡು ಕುಡಿಯಬಹುದು, ಕುಡಿಯುವವರೂ ಇದ್ದಾರೆ. ಆದರೆ ಅಂಥವರನ್ನು 'ಗೋಡೆಗೆ ಮುಖ ಮಾಡಿ ಕುಡಿಯೋರು' ಎನ್ನುತ್ತಾರೆ. ಒಬ್ಬರೇ ಇರುವವರ ಮನೆಗೆ ಅಕ್ಕಪಕ್ಕದವರು ದಿನಕ್ಕೆ ನಾಲ್ಕು ಸಲ ಹೋಗಿ ಎದುರು ಕೂತು ಗಂಟಲು ನೋಡಿಕೊಂಡು ಬರುವುದು ವಾಡಿಕೆ. ಅದನ್ನು ಬೇಡ ಎಂದವನಿಗೆ ಏನೋ ಅಹಂಕಾರವಿದೆ ಎಂದು ಜನ ತಿಳಿಯುತ್ತಾರೆ.

ಇನ್ನೊಂದು ಮಾತು. ಹೆದರಿಕೆಯಿಂದ ಬಾಯಿ ಒಣಗುವುದು ಬೇರೆ. ಅದು ನಮ್ಮೂರಿನಲ್ಲೂ ಅವರವರದ್ದೇ. ನನಗೆ ಅದು ಯಾವಾಗಲೂ ಇರುತ್ತದೆ. ಬೀಗ ಹಾಕಿದೆನೋ ಇಲ್ಲವೋ, ನಿನ್ನೆ ಬಂದ ಗಿರಾಕಿಗೆ ಒರಟಾಗಿ ಮಾತಾಡಿದೆನೋ, ಫ್ರೇಮು ಕಿವಿಗೆ ಒತ್ತುತ್ತಿದೆಯೋ ಎಂದು ಬೆಳಗಿನಿಂದ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಹೀಗಿರುವಾಗ ಎದುರು ಕೂತವರಿಗೆ ನಿಜವಾಗಿ ಬಾಯಾರಿದೆಯೋ, ಇದು ನನ್ನದೇ ಅಂಜಿಕೆಯೋ ಎಂದು ನನಗೆ ಎಂದೂ ಗೊತ್ತಾಗಿಲ್ಲ. ತಪ್ಪಾಗುವುದು ಬೇಡ ಎಂದು ನಾನು ಬಂದವರಿಗೆಲ್ಲ ನೀರು ಕೊಡುತ್ತೇನೆ.

ನಮ್ಮ ಅಂಗಡಿಯ ಯಜಮಾನರು ಗುರುಬಸಪ್ಪನವರು. ದಪ್ಪ ಮೀಸೆ, ತೆಳ್ಳನೆಯ ಧ್ವನಿ. ಅವರು ಎಷ್ಟೋ ಸಲ ಗಿರಾಕಿಯ ಮುಂದೆಯೇ, "ಏನಮ್ಮ ವನಜಮ್ಮ, ಇವರು ಕನ್ನಡಕ ತಗೊಳ್ಳೋಕೆ ಬಂದಿದ್ದಾರೋ ಈಜು ಕಲಿಯೋಕೆ ಬಂದಿದ್ದಾರೋ?" ಎಂದು ಕೇಳಿದ್ದುಂಟು. ನನ್ನ ಹೆಸರು ವನಜಾಕ್ಷಿ. ಅಂಗಡಿಬೀದಿಯಲ್ಲಿ ನನ್ನನ್ನು ಹೂಜಿ ಅಕ್ಕ ಎನ್ನುತ್ತಾರೆ ಎಂಬುದೂ ನನಗೆ ಗೊತ್ತು.

ಅವರಿಗೆ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಳೆಯ ಫ್ರೇಮುಗಳ ಡಬ್ಬದ ಹಿಂದೆ ನಾನು ಒಂದು ನೀರಿನ ಬಾಟಲಿ ಇಟ್ಟಿದ್ದೆ. ಬೆಳಿಗ್ಗೆ ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ ಅಲ್ಲಿ ಬಗ್ಗಿ, ಏನೋ ಹುಡುಕುವವಳಂತೆ ಕುಡಿದುಬಿಡುತ್ತಿದ್ದೆ. ಕಣ್ಣು ನೋಡಿಸಿಕೊಳ್ಳಲು ಬಂದವರ ಗಂಟಲು ನನ್ನಿಂದ ಒಣಗಬಾರದು, ಅವರು ಎದ್ದು ನನಗಾಗಿ ನೀರು ಹುಡುಕುವಂತಾಗಬಾರದು ಎಂಬುದು ನನ್ನ ಲೆಕ್ಕ. ಒಂಬತ್ತು ವರ್ಷ ಹಾಗೆ ಕುಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಆಗ ಮಾತ್ರ ಇದು ಸೌಜನ್ಯ ಎಂದುಕೊಂಡಿದ್ದೆ. ಸಂಜೆ ಕಾಲೇಜಿನ ವ್ಯಾಪಾರ ಪದ್ಧತಿಯ ಪುಸ್ತಕದಲ್ಲಿ 'ಗ್ರಾಹಕನ ಜಾಗದಲ್ಲಿ ನಿಂತು ನೋಡಬೇಕು' ಎಂದು ಒಂದು ಪಾಠವಿತ್ತು, ಅದರ ಪ್ರಶ್ನೆಗೆ ನನಗೆ ಹತ್ತಕ್ಕೆ ಎಂಟು ಅಂಕ ಬಂದಿತ್ತು.

ದಸ್ತಗೀರ್ ಸಾಹೇಬರು ಪಾತ್ರೆಗಳಿಗೆ ಹೆಸರು ಕೊರೆಯುವವರು. ಪದ್ಮರಾಜಯ್ಯನವರ ಪಾತ್ರೆ ಅಂಗಡಿಯ ಜಗುಲಿಯ ಮೇಲೆ, ಒಂದು ಮೂಲೆಯಲ್ಲಿ ಚಾಪೆ ಹಾಕಿಕೊಂಡು ಮೂವತ್ತು ವರ್ಷದಿಂದ ಕೂತಿದ್ದಾರೆ. ಕೈಯಲ್ಲಿ ಗುರ್ರ್ ಎನ್ನುವ ಕೊರೆಯುವ ಪೆನ್ನು. ನಮ್ಮೂರಿನಲ್ಲಿ ಚೊಂಬು ಲೋಟಗಳು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಬೀದಿಯಲ್ಲಿ ಯಾರಿಗೋ ಕೊಟ್ಟಿದ್ದು ಅವರ ಜೊತೆ ನಡೆದುಹೋಗುತ್ತದೆ, ಎರಡು ದಿನದ ಮೇಲೆ ತುಂಬಿಕೊಂಡು ವಾಪಸ್ಸು ಬರುತ್ತದೆ. ಬರಬೇಕಾದರೆ ಅದರ ಮೇಲೆ ಮನೆಯ ಹೆಸರಿರಬೇಕು. ಹಾಗಾಗಿ ಸಾಹೇಬರ ಅಕ್ಷರವನ್ನು ತುಟಿಗೆ ತಾಗಿಸಿಕೊಳ್ಳದೆ ಈ ಊರಿನಲ್ಲಿ ಯಾರೂ ನೀರು ಕುಡಿದಿಲ್ಲ. ಗುಂಡಗೆ, ಸಾಲಾಗಿ, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಇರುತ್ತಿದ್ದವು ಆ ಅಕ್ಷರಗಳು.

ಅವರು ಮೊದಲ ಸಲ ಅಂಗಡಿಗೆ ಬಂದಾಗ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದರು. ಒಳಗೆ ಬಿಡಬಹುದು ಎಂದೆ. "ಇರಲಿ ಅಮ್ಮ, ಧೂಳು," ಎಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಹಾಕಿ ನೋಡುವ ಕಬ್ಬಿಣದ ಫ್ರೇಮನ್ನು ಮೂಗಿನ ಮೇಲೆ ಇಟ್ಟು, ಎದುರಿನ ಸ್ಟೂಲಿನ ಮೇಲೆ ಕೂತೆ. ನಮ್ಮ ನಡುವೆ ಒಂದು ಮೊಳವೂ ಇರಲಿಲ್ಲ. ಆದರೂ ನನ್ನ ಗಂಟಲಿಗೆ ನನ್ನ ಎಂದಿನ ಅಂಜಿಕೆ ಬಿಟ್ಟರೆ ಬೇರೇನೂ ಬರಲಿಲ್ಲ. ಒಂದು ಗಂಟೆ ಕೂತರೂ ಬರಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ಬಿಸಿಲಲ್ಲಿ ನಡೆದು ಬಂದಿದ್ದಾರೆ. ನನ್ನದು ಕಲ್ಲು ಗಂಟಲೇ ಆಗಿಹೋಯಿತೇ ಎಂದು ಗಾಬರಿಯಾಗಿ ಎರಡು ಲೋಟ ನೀರು ಕೊಟ್ಟೆ. ಅವರು ಎರಡನ್ನೂ ಕಣ್ಣಿಗೆ ಒತ್ತಿಕೊಂಡು ಕುಡಿದರು.

"ಈ ಗಾಜು ಹೇಗಿದೆ ಸಾಹೇಬ್ರೇ?"

"ಚೆನ್ನಾಗಿದೆ ಅಮ್ಮ."

"ಇದು?"

"ಇದೂ ಚೆನ್ನಾಗಿದೆ."

"ಎರಡರಲ್ಲಿ ಯಾವುದು ಜಾಸ್ತಿ ಚೆನ್ನಾಗಿ ಕಾಣುತ್ತೆ?"

ಅವರು ನನ್ನ ಮುಖ ನೋಡಿ ಸ್ವಲ್ಪ ಯೋಚಿಸಿ, "ನೀವು ಯಾವುದು ಅಂತೀರೋ ಅದು," ಎಂದರು.

ಕೈಗೆ ಪೇಪರ್ ಕೊಟ್ಟೆ. ತಲೆಬರಹ ಓದಿದರು, ಸಣ್ಣಕ್ಷರವನ್ನೂ ಸ್ವಲ್ಪ ತಡವರಿಸಿ ಓದಿದರು. ಕಣ್ಣು ಅಳೆಯುವ ಯಂತ್ರ ತೋರಿಸಿದ ನಂಬರ್ ಬರೆದುಕೊಂಡು, ಒಂದು ವಾರದಲ್ಲಿ ಕನ್ನಡಕ ಮಾಡಿಸಿ ಕೊಟ್ಟೆ. ಹಾಕಿಕೊಂಡು, "ಅಲ್ಲಾ, ಊರೇ ತೊಳೆದಂಗಿದೆ," ಎಂದು ನಕ್ಕರು. ಗುರುಬಸಪ್ಪನವರು ಅಂದು ನನಗೆ ಭೇಷ್ ಎಂದರು. ನಾನೂ ಎರಡು ದಿನ ಸಮಾಧಾನದಿಂದ ಮಲಗಿದೆ. ನನಗೆ ಅದು ಅಪರೂಪ.

ಆಮೇಲೆ ಒಂದು ಮಧ್ಯಾಹ್ನ ಸಾಕಮ್ಮನ ಖಾನಾವಳಿಗೆ ಊಟಕ್ಕೆ ಹೋದೆ. ಸಾಕಮ್ಮ ನನ್ನ ಮುಂದೆ ಹೊಸ ಲೋಟವೊಂದನ್ನು ಇಟ್ಟು, "ನೋಡೇ ವನಜಿ, ನನ್ನ ಹೆಸರು ಹೆಂಡ ಕುಡಿದಿದೆ," ಎಂದಳು. ನೋಡಿದೆ. ಮೊದಲ ಅಕ್ಷರ ಅಂಚಿನ ಹತ್ತಿರ ಇತ್ತು, ಎರಡನೆಯದು ಕೆಳಗೆ ಜಾರಿತ್ತು, ಮೂರನೆಯದು ಎರಡನೆಯದರ ಮೈಮೇಲೆ ಬಿದ್ದಿತ್ತು.

"ಯಾರು ಕೊರೆದಿದ್ದು?" ಎಂದೆ, ಗೊತ್ತಿದ್ದರೂ.

"ಇನ್ಯಾರು, ಸಾಬ್ರು. ಪಾಪ, ಕಣ್ಣು ಹೋಗಿದೆ ಅಂತ ಕಾಣುತ್ತೆ. ನಾನೇನೂ ಅನ್ನಲಿಲ್ಲ ಬಿಡು. ಬಂದೋರೆಲ್ಲ ಓದಿ ನಗ್ತಾರೆ, ನಗ್ತಾ ಇನ್ನೊಂದು ಮುದ್ದೆ ಜಾಸ್ತಿ ಉಣ್ತಾರೆ." ಆಮೇಲೆ ಧ್ವನಿ ತಗ್ಗಿಸಿದಳು. "ಆದ್ರೆ ಪದ್ಮರಾಜಯ್ಯನೋರ ಮೊಮ್ಮಗಳ ಮದುವೆ ಇದೆಯಲ್ಲ, ಬಂದ ಮನೆಗೆಲ್ಲ ಅವರವರ ಹೆಸರು ಕೊರೆದ ಲೋಟ ಕೊಡಬೇಕಲ್ಲ. ಇನ್ನೂರ ನಲವತ್ತು. ಹುಣ್ಣಿಮೆಯೊಳಗೆ ನೆಟ್ಟಗೆ ಕೊರೆದ್ರೆ ಸರಿ, ಇಲ್ದಿದ್ರೆ ಕೊರೆಯೋ ಯಂತ್ರಾನೇ ತರಿಸ್ತೀನಿ ಅಂದಿದ್ದಾರಂತೆ. ಯಂತ್ರ ಬಂದ ಮೇಲೆ ಸಾಬ್ರ ಚಾಪೆ ಅಲ್ಲಿ ಯಾಕಿರುತ್ತೆ ಹೇಳು?"

ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸಾಕಮ್ಮನಿಗೆ ಬಾಯಾರಿದೆ ಎಂದುಕೊಂಡು ಅವಳಿಗೆ ನೀರು ಕೊಟ್ಟೆ. "ಈಗ ತಾನೇ ಕುಡಿದೆನಲ್ಲೇ ಹೂಜಿ," ಎಂದು ಅವಳು ಬೈದಳು.

ಹುಣ್ಣಿಮೆಗೆ ಇಪ್ಪತ್ತೆರಡು ದಿನವಿತ್ತು. ಮಾರನೆಯ ದಿನವೇ ಸಾಹೇಬರನ್ನು ಕರೆಸಿ, ಯಂತ್ರದಲ್ಲಿ ಇನ್ನೊಮ್ಮೆ ನೋಡಿ, ನಂಬರನ್ನು ಒಂದಿಷ್ಟು ಏರಿಸಿ ಎರಡನೆಯ ಕನ್ನಡಕ ಮಾಡಿಸಿದೆ. ಆಗಲೂ ಕೇಳಿದ್ದಕ್ಕೆಲ್ಲ ಚೆನ್ನಾಗಿದೆ ಎಂದೇ ಹೇಳಿದರು. ಆಗಲೂ ನನ್ನ ಗಂಟಲಿಗೆ ಅವರ ಬಾಯಾರಿಕೆ ಬರಲಿಲ್ಲ. ಕನ್ನಡಕವನ್ನು ನಾನೇ ಜಗುಲಿಗೆ ತೆಗೆದುಕೊಂಡು ಹೋಗಿ ಕೊಟ್ಟೆ, ಹಾಕಿಕೊಂಡು ಕೈ ಮುಗಿದರು. ನಾಲ್ಕು ದಿನ ಬಿಟ್ಟು, ಹೇಗಿದೆ ಎಂದು ಕೇಳೋಣ ಎಂದು ಮತ್ತೆ ಆ ಕಡೆ ಹೋದೆ.

ಜಗುಲಿಯ ಮೂಲೆಯಲ್ಲಿ ಅವರು ಕಾಣಲಿಲ್ಲ. ಕೊಳದಪ್ಪಲೆಗಳನ್ನು ಒಂದರ ಮೇಲೊಂದು ಪೇರಿಸಿದ್ದ ಸಾಲಿನ ಹಿಂದೆ ಅವರ ಬೆನ್ನು ಕಂಡಿತು. ಪಕ್ಕದಲ್ಲಿ ಒಂದು ಪುಟ್ಟ ಅಲಾರಾಂ ಗಡಿಯಾರ. ಗೋಡೆಗೆ ಮುಖ ಮಾಡಿ, ಬಾಟಲಿ ಎತ್ತಿ, ಸದ್ದಾಗದಂತೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು. ಮುಚ್ಚಳ ಹಾಕಿದರು. ಬಾಯಿ ಒರೆಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿ, ಒಂದು ಲೋಟವನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ ಹಿಡಿದು, ಬೆರಳಿನಿಂದ ಅಂಚನ್ನು ಸವರಿ ಸವರಿ ಜಾಗ ಗೊತ್ತುಮಾಡಿಕೊಂಡು ಪೆನ್ನು ಒತ್ತಿದರು.

ನಾನು ಅವರಿಗೆ ಕಾಣದಂತೆ ಹಿಂದೆ ಸರಿದುಬಿಟ್ಟೆ. ಕಾಣುವ ಹೆದರಿಕೆಯೇನೂ ಇರಲಿಲ್ಲ ಎಂದು ಆಮೇಲೆ ಹೊಳೆಯಿತು. ಅಂಗಡಿಗೆ ಬರುವ ದಾರಿಯುದ್ದಕ್ಕೂ ಎರಡು ಯೋಚನೆ ಒಂದಕ್ಕೊಂದು ಹೆಣೆದುಕೊಂಡವು. ನಾನು ಕೊಟ್ಟ ಕನ್ನಡಕ ಜೇಬಿನಲ್ಲಿದೆ ಎಂಬುದು ಒಂದು. ಇವರೂ ನನ್ನ ಹಾಗೆ ಕುಡಿಯುತ್ತಾರೆ ಎಂಬುದು ಇನ್ನೊಂದು. ಅವರ ಹತ್ತಿರ ಕೂತಾಗ ನನಗೆ ಏನೂ ತಿಳಿಯದಿದ್ದದ್ದು ನನ್ನ ಗಂಟಲು ಕಲ್ಲಾಗಿದ್ದಕ್ಕಲ್ಲ; ತಿಳಿಯಬಾರದು ಎಂದು ಅವರು ಮೊದಲೇ ಕುಡಿದು ಬರುತ್ತಿದ್ದರು.

ಅವರನ್ನು ಮೂರನೆಯ ಸಲ ಕರೆಸುವುದು ಕಷ್ಟವಾಯಿತು. "ಬೇಡಮ್ಮ, ಚಿನ್ನದಂಥ ಕನ್ನಡಕ, ಯಾಕೆ ಸುಮ್ಮನೆ ನಿಮಗೆ ತೊಂದರೆ," ಎಂದು ಹೇಳಿ ಕಳಿಸಿದರು. ನಾನು ಒಂದು ಸುಳ್ಳು ಹೇಳಿ ಕಳಿಸಿದೆ: ನಿಮ್ಮ ನಂಬರನ್ನು ಪುಸ್ತಕದಲ್ಲಿ ತಪ್ಪಾಗಿ ಬರೆದಿದ್ದೇನೆ, ನೀವು ಬಂದು ಹೋಗದಿದ್ದರೆ ಯಜಮಾನರು ನನ್ನನ್ನು ಬೈಯುತ್ತಾರೆ. ತಮಗೋಸ್ಕರ ಬಾರದ ಮನುಷ್ಯ ನನಗೆ ಬೈಗುಳ ತಪ್ಪಿಸಲು ಮಂಗಳವಾರ ಬರುತ್ತೇನೆ ಎಂದರು. ಮಂಗಳವಾರ ಅಂಗಡಿಬೀದಿಗೆ ರಜೆ. ಗುರುಬಸಪ್ಪನವರು ಬೀಗದಕೈ ನನಗೆ ಕೊಟ್ಟು, "ನೀನೇ ತೆಗೆದು ನೋಡಿಕೋ. ಆ ಮನುಷ್ಯನ ಅಕ್ಷರ ಉಳಿಸು ಮಾರಾಯ್ತಿ, ನಮ್ಮ ಮನೆ ಚೊಂಬು ಈಗ ಮೂರನೇ ಬೀದಿ ಗುರುಶಾಂತಪ್ಪನ ಮನೆಗೆ ಹೋಗಿ ಕೂತಿದೆ," ಎಂದರು. ಹುಣ್ಣಿಮೆಗೆ ಹನ್ನೊಂದು ದಿನ ಉಳಿದಿತ್ತು.

ಮಂಗಳವಾರ ಎಂಟಕ್ಕೇ ಅಂಗಡಿ ತೆರೆದೆ. ಗಾಜುಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟೆ. ಹತ್ತು ಗಂಟೆಗೆ ಫ್ರೇಮಿನ ಡಬ್ಬದ ಹಿಂದೆ ಕೈ ಹಾಕಿದರೆ ಬಾಟಲಿ ಇರಲಿಲ್ಲ. ಡಬ್ಬ ಸರಿಸಿ ನೋಡಿದೆ, ಕಪಾಟಿನ ಕೆಳಗೆ ನೋಡಿದೆ. ಮೇಜಿನ ಮೇಲೆ ಗಿರಾಕಿಗಳಿಗೆಂದು ಇಟ್ಟ ಹೂಜಿ ತುಂಬಿತ್ತು. ಆದರೆ ಅದು ಬಾಗಿಲಿಗೆ ಎದುರಾಗಿ ಇದೆ, ಬೀದಿಗೆ ಕಾಣುವಂತೆ ಕೈಯಾರೆ ಬಗ್ಗಿಸಿಕೊಂಡು ಕುಡಿಯಲು ಧೈರ್ಯವಾಗಲಿಲ್ಲ. ಒಂದು ದಿನ ಕುಡಿಯದಿದ್ದರೆ ಏನಾದೀತು ಎಂದುಕೊಂಡೆ. ನನಗೆ ಬಾಯಾರಿದ್ದು ನನಗೆ ತಿಳಿಯುವಂತಿರಲಿಲ್ಲವಲ್ಲ.

ಸಾಹೇಬರು ಹನ್ನೊಂದೂವರೆಗೆ ಬಂದರು, ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟರು. ಜೇಬಿನಲ್ಲಿದ್ದ ಕನ್ನಡಕವನ್ನು ಬಾಗಿಲ ಹತ್ತಿರ ಹಾಕಿಕೊಂಡದ್ದು ನನಗೆ ಕಾಣಿಸಿತು. ಕೂರಿಸಿದೆ. ಅವರ ಕನ್ನಡಕದ ಮುಂದೆ ಒಂದು ಗಾಜು ಹಿಡಿದು, "ಹೇಗಿದೆ ಸಾಹೇಬ್ರೇ, ನಿಜ ಹೇಳಿ," ಎಂದೆ.

"ಚೆನ್ನಾಗಿ..." ಎಂದು ಶುರು ಮಾಡಿದವರು ನಿಲ್ಲಿಸಿದರು. ಗಂಟಲನ್ನು ಮುಟ್ಟಿಕೊಂಡರು. ಬಾಗಿಲ ಕಡೆ ನೋಡಿದರು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಅವರ ಕೈ ಗಂಟಲಿಗೆ ಹೋದದ್ದನ್ನು ಕಂಡು, ನನ್ನ ಬಾಯಿಯೂ ಒಣಗಿದ್ದನ್ನು ನೋಡಿಕೊಂಡು, ಅಂತೂ ಇಂದು ಇವರ ಬಾಯಾರಿಕೆ ನನಗೆ ತಿಳಿಯಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಒಂದು ಲೋಟ ಕೊಟ್ಟೆ. ಕುಡಿದರು. ಮತ್ತೆ ಕೂತೆವು. ಅವರು ಮತ್ತೆ ಗಂಟಲು ಸರಿಮಾಡಿಕೊಂಡರು. ಇನ್ನೊಂದು ಲೋಟ ಕೊಟ್ಟೆ. ಬೇಡ ಎನ್ನಲಾರದೆ ಅದನ್ನೂ ಕುಡಿದರು. ಮೂರನೆಯದನ್ನು ಕೊಟ್ಟಾಗ ಕಣ್ಣು ಮುಚ್ಚಿ ಔಷಧಿ ಕುಡಿದಂತೆ ಕುಡಿದರು. ನಾಲ್ಕನೆಯದಕ್ಕೆ ನಾನು ಹೂಜಿ ಎತ್ತಿದಾಗ ಎರಡೂ ಕೈ ಮುಂದೆ ಚಾಚಿದರು.

"ಅಮ್ಮಾ, ಸಾಕು. ನನ್ನ ಹೊಟ್ಟೆಯೊಳಗೆ ಕೆರೆ ಆಯ್ತು. ಗಂಟಲು ಮಾತ್ರ ಹಂಗೇ ಉರೀತಾ ಇದೆ." ಆಮೇಲೆ ಬಹಳ ಸಂಕೋಚದಿಂದ, "ತಪ್ಪು ತಿಳೀಬೇಡಿ. ಇಲ್ಲಿ ಇರೋದು ನಾವಿಬ್ಬರೇ," ಎಂದರು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಒಂಬತ್ತು ವರ್ಷದಲ್ಲಿ ನನ್ನ ಬಾಯಾರಿಕೆ ಈ ಅಂಗಡಿಯಲ್ಲಿ ಯಾರಿಗೂ ಬಂದಿರಲಿಲ್ಲ. ಮುಖವೆಲ್ಲ ಬಿಸಿಯಾಯಿತು. "ಅಯ್ಯೋ, ನಾನು ಮನೆಗೆ ಹೋಗಿ ಕುಡಿದು ಬರುತ್ತೇನೆ ಸಾಹೇಬ್ರೇ," ಎಂದು ಎದ್ದೆ.

"ಕೂತ್ಕೊಳ್ಳಿ," ಎಂದರು. ಅವರು ಹಾಗೆ ಗದರಿದಂತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಗಂಟಲು ನನ್ನದು ಉರೀತಾ ಇದೆ, ಕೊಡೋನು ನಾನು."

ಎದ್ದು, ಲೋಟವನ್ನು ಮೇಜಿನ ಮೇಲೆ ಇಟ್ಟು, ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ಲೋಟಕ್ಕೆ ಒಂದು ಗೇಣು ಹತ್ತಿರ ತಂದು ಬಗ್ಗಿಸಿದರು. ಮೂಗಿನ ಮೇಲೆ ನಾನು ಮಾಡಿಸಿ ಕೊಟ್ಟ ಎರಡನೆಯ ಕನ್ನಡಕವಿತ್ತು. ನೀರು ಲೋಟದಿಂದ ಎರಡು ಬೆರಳು ಆಚೆ, ಮೇಜಿನ ಮೇಲೆ ಬಿತ್ತು. ಅವರು ಬಗ್ಗಿಸುತ್ತಲೇ ಇದ್ದರು. ಸ್ಟೀಲಿನೊಳಗೆ ಬೀಳುವ ನೀರಿಗೂ ಮರದ ಮೇಲೆ ಬೀಳುವ ನೀರಿಗೂ ಸದ್ದು ಬೇರೆ. ಮೂವತ್ತು ವರ್ಷ ಪಾತ್ರೆಗಳ ನಡುವೆ ಕೂತ ಕಿವಿಗೆ ಅದು ಕೇಳಿಸದೆ ಇರುತ್ತದೆಯೇ? ಕೈ ನಿಂತಿತು. ನೀರು ಮೇಜಿನ ಅಂಚಿನಿಂದ ನನ್ನ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಅದನ್ನೇ ಕೇಳುತ್ತ ಇದ್ದೆವು.

"ಕಾಣಲ್ಲ ಅಮ್ಮ," ಎಂದರು.

"ಯಾವಾಗಿನಿಂದ?"

"ಮೊದಲನೇ ಕನ್ನಡಕದಿಂದಲೂ. ದೂರ ಕಾಣುತ್ತೆ, ಪೇಪರ್ ಕಾಣುತ್ತೆ. ಲೋಟದ ಅಂಚು ಮಾತ್ರ ಎಲ್ಲೋ ಕರಗಿ ಹೋಗುತ್ತೆ."

"ಮತ್ತೆ ಪ್ರತಿ ಸಲ ಚೆನ್ನಾಗಿದೆ ಅಂದ್ರಲ್ಲ ಸಾಹೇಬ್ರೇ! ಯಾಕೆ?"

ಅವರು ಹೂಜಿ ಕೆಳಗಿಟ್ಟರು. "ನೀವು ಅಷ್ಟು ಹೆದರಿಕೊಂಡು ಕೇಳ್ತಾ ಇದ್ರಿ. ಇಲ್ಲ ಅಂದ್ರೆ ಎಲ್ಲಿ ಅತ್ತುಬಿಡ್ತೀರೋ ಅನ್ನಿಸ್ತು."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಗಿರಾಕಿಯ ಮನಸ್ಸು ನೋಯಬಾರದು ಎಂದು ನಾನು ಇಷ್ಟು ವರ್ಷ ನಡುಗಿದೆ. ನನ್ನ ನಡುಕ ಕಂಡ ಗಿರಾಕಿಗಳು ನನ್ನ ಮನಸ್ಸು ನೋಯಬಾರದು ಎಂದು ಚೆನ್ನಾಗಿದೆ ಎನ್ನುತ್ತ, ಕಾಣದ ಕನ್ನಡಕ ಹಾಕಿಕೊಂಡು ಹೋದರು. ಎಷ್ಟು ಜನವೋ! ಅಳು ಬರುತ್ತದೆ ಎಂದುಕೊಂಡೆ, ನಗು ಬಂತು. ಸಾಹೇಬರೂ ನಕ್ಕರು. ಆಮೇಲೆ ನಾನು ಲೋಟ ಹಿಡಿದುಕೊಂಡೆ, ಇನ್ನೊಂದು ಕೈಯಿಂದ ಹೂಜಿಯ ಮೂತಿಯನ್ನು ಲೋಟಕ್ಕೆ ತಾಗಿಸಿದೆ, ಅವರು ಬಗ್ಗಿಸಿದರು. ಬಾಗಿಲಿಗೆ ಎದುರಾಗಿಯೇ ಕೂತು ಅಷ್ಟನ್ನೂ ಕುಡಿದೆ. ನಾನು ಕುಡಿಯುತ್ತಿದ್ದ ಹಾಗೆ ಅವರು ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ, ಉದ್ದಕ್ಕೆ ಉಸಿರು ಬಿಟ್ಟರು.

"ನಾಲ್ಕು ವರ್ಷ ಆಗಿತ್ತು," ಎಂದರು. "ಬೀಬಿ ಇದ್ದಾಗ ದಿನಕ್ಕೆ ಹತ್ತು ಸಲ ಹಿಂಗೆ ಗಂಟಲು ತಣ್ಣಗಾಗ್ತಿತ್ತು. ಅವಳು ಹೋದ ಮೇಲೆ ಅಕ್ಕಪಕ್ಕದೋರು ಬರ್ತೀವಿ ಅಂದ್ರು. ನಾನೇ ಬೇಡ ಅಂದೆ. ನನ್ನಿಂದ ಇನ್ನೊಬ್ಬರ ಗಂಟಲು ಯಾಕೆ ಒಣಗಬೇಕು? ಗಡಿಯಾರ ಇಟ್ಕೊಂಡೆ. ಆದ್ರೆ ಅಮ್ಮ, ನಾವೇ ಕುಡಿದರೆ ಹೊಟ್ಟೆಗೆ ನೀರು ಬೀಳುತ್ತೆ ಅಷ್ಟೇ. ಗಂಟಲಿಗೆ ಏನೂ ಗೊತ್ತಾಗಲ್ಲ."

ನಾನು ನನ್ನ ಬಾಟಲಿಯ ವಿಷಯ ಹೇಳಿದೆ. ಅವರು ನಾಲಿಗೆ ಕಚ್ಚಿಕೊಂಡು, "ಛೆ, ಛೆ, ಓದಿದೋರು ನೀವು!" ಎಂದರು. ತಾವೂ ಅದನ್ನೇ ಮಾಡುವವರು ಎಂಬುದನ್ನು ಆ ಹೊತ್ತಿಗೆ ಮರೆತಿದ್ದರು ಎಂದು ಕಾಣುತ್ತದೆ.

ಆಮೇಲೆ ಗಾಜುಗಳನ್ನು ಮೊದಲಿನಿಂದ ತೆಗೆದೆವು. "ಈಗ ಕೇಳಿ. ನಾನು ಇಲ್ಲ ಅಂದ್ರೆ ಅಳಬಾರದು," ಎಂದರು. ಇದು? ಇಲ್ಲ. ಇದು? ಇಲ್ಲ. ಇದು? ಇದಂತೂ ಅಲ್ಲವೇ ಅಲ್ಲ. ಅಷ್ಟು ಇಲ್ಲಗಳನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಒಂದೊಂದು ಇಲ್ಲ ಬಂದಾಗಲೂ ನನಗೆ ಹಗುರವಾಗುತ್ತ ಹೋಯಿತು. ಕೊನೆಗೆ ಪೇಪರ್ ಕೈಗೆ ಕೊಟ್ಟಾಗ ಅದನ್ನು ಮಡಿಸಿ ಪಕ್ಕಕ್ಕಿಟ್ಟು, "ಪೇಪರ್ ಓದೋಕೆ ನನಗೆಲ್ಲಿ ಪುರುಸೊತ್ತು ಅಮ್ಮ? ನಾನು ಕೊರೆಯೋನು," ಎಂದರು.

ಆಗ, ಮೂರನೆಯ ಸಲಕ್ಕೆ, ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ನೀವು ಕೊರೆಯುವಾಗ ಹೇಗೆ ಕೂರುತ್ತೀರಿ?" ಅವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು. ಲೋಟವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬೆನ್ನು ಬಗ್ಗಿಸಿದರು. ಮುಖಕ್ಕೂ ಲೋಟಕ್ಕೂ ನಡುವೆ ಒಂದು ಗೇಣು. ಪೇಪರ್ ಓದುವ ದೂರದ ಅರ್ಧ. ಎರಡು ಕನ್ನಡಕಗಳನ್ನೂ ನಾನು ಪೇಪರಿನ ದೂರಕ್ಕೆ ಮಾಡಿಸಿದ್ದೆ. ನಾನೂ ಗಾಜಿನ ಪೆಟ್ಟಿಗೆ ಹಿಡಿದುಕೊಂಡು ಒದ್ದೆ ಸೀರೆಯಲ್ಲಿ ನೆಲದ ಮೇಲೆ ಅವರ ಪಕ್ಕ ಕೂತೆ, ಅವರಷ್ಟೇ ಬಗ್ಗಿದೆ. ಪಾಠದಲ್ಲಿ ಗ್ರಾಹಕನ ಜಾಗದಲ್ಲಿ ನಿಂತು ನೋಡಬೇ​ಕು ಎಂದಿತ್ತು. ಈ ಗ್ರಾಹಕನ ಜಾಗ ನೆಲದ ಮೇಲಿತ್ತು. ಹತ್ತಕ್ಕೆ ಎಂಟು ಅಂಕ ಕೊಟ್ಟವರು ಸ್ವಲ್ಪ ಧಾರಾಳಿಗಳೇ ಇರಬೇಕು.

ಹನ್ನೆರಡೋ ಹದಿಮೂರೋ ಗಾಜುಗಳಾದ ಮೇಲೆ ಒಂದಕ್ಕೆ ಅವರು ಇಲ್ಲ ಎನ್ನಲಿಲ್ಲ. ಲೋಟವನ್ನು ಮೆಲ್ಲಗೆ ತಿರುಗಿಸಿದರು. "ಅಂಚು ಬಂತು," ಎಂದರು. ಆಮೇಲೆ, "ಇದನ್ನ ನೋಡಿ, ನಾನು ಕೊರೆದಿದ್ದೇ? ಅಲ್ಲಾ! ಕೋಳಿ ಕೆದರಿದಂಗಿದೆ," ಎಂದು ತಮ್ಮದೇ ಅಕ್ಷರ ನೋಡಿ ಹಣೆ ಚಚ್ಚಿಕೊಂಡರು. ಅದು ನಮ್ಮ ಅಂಗಡಿಯ ಹೊಸ ಲೋಟ. ಗುರುಬಸಪ್ಪನವರ ಹೆಸರು ಬಾಲ ಮೇಲೆತ್ತಿಕೊಂಡು ಓಡುತ್ತಿತ್ತು.

ಕನ್ನಡಕ ಬರಲು ನಾಲ್ಕು ದಿನ ಹಿಡಿಯಿತು. ಉಳಿದದ್ದು ಏಳು ದಿನ. ಪದ್ಮರಾಜಯ್ಯನವರು ಜಗುಲಿಗೆ ಬಂದು ಮೊದಲ ಲೋಟವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಕ್ಷರ ಸವರಿ ಒಳಗೆ ಹೋದರಂತೆ. ಸಂಜೆ ಬಂದು, "ಯಂತ್ರದವನಿಗೆ ಬೇಡ ಅಂತ ಹೇಳಿಕಳಿಸಿದೆ," ಎಂದರಂತೆ. ಅಷ್ಟೇ. ಇನ್ನೂರ ನಲವತ್ತನೆಯ ಲೋಟ ಹುಣ್ಣಿಮೆಯ ಬೆಳಿಗ್ಗೆ ಮುಗಿಯಿತು. ಮದುವೆಯಲ್ಲಿ ಜನ ಊಟಕ್ಕಿಂತ ಹೆಚ್ಚು ಹೊತ್ತು ತಮ್ಮ ತಮ್ಮ ಹೆಸರು ಓದಿಕೊಳ್ಳುತ್ತ ಕೂತರು. ಸಾಕಮ್ಮನ ಹೆಸರು ನೆಟ್ಟಗೆ ನಿಂತಿತ್ತು. ಅವಳಿಗೆ ಅದು ಪೂರ್ತಿ ಹಿಡಿಸಲಿಲ್ಲ. "ಹಳೇದೇ ನಗು ತರಿಸ್ತಿತ್ತು, ಅದನ್ನೇ ಇಟ್ಕೊಳ್ತೀನಿ," ಎಂದಳು.

ಸಾಹೇಬರು ಗಡಿಯಾರಕ್ಕೆ ಕೀ ಕೊಡುವುದನ್ನು ಬಿಟ್ಟಿದ್ದಾರೆ. ಅವರ ಚಾಪೆ ಈಗ ಜಗುಲಿಯ ಮೂಲೆಯಲ್ಲಿಲ್ಲ, ಪದ್ಮರಾಜಯ್ಯನವರ ಗಾದಿಯಿಂದ ಮೂರು ಮೊಳದೊಳಗೆ ಬಂದಿದೆ. "ಈ ಮನುಷ್ಯನಿಗೆ ಎಷ್ಟು ನೀರು ಬೇಕ್ರೀ, ನನ್ನ ಗಂಟಲು ಕಿತ್ತುಹೋಗುತ್ತೆ," ಎಂದು ಪದ್ಮರಾಜಯ್ಯನವರು ಬಂದವರ ಹತ್ತಿರವೆಲ್ಲ ಗೊಣಗುತ್ತಾರೆ. ಗೊಣಗುತ್ತಲೇ ಎದ್ದು ಕೊಡುತ್ತಾರೆ. ಸಾಹೇಬರು ನನಗೂ ಒಂದು ಲೋಟ ತಂದುಕೊಟ್ಟರು, ನನ್ನ ಹೆಸರು ಕೊರೆದದ್ದು. ಅದನ್ನು ನನ್ನ ಕೈಗೆ ಕೊಡಲಿಲ್ಲ. ಗುರುಬಸಪ್ಪನವರ ಕೈಗೆ ಕೊಟ್ಟು, "ಇದು ನಿಮ್ಮ ಕಡೆ ಇರಲಿ ಯಜಮಾನ್ರೇ," ಎಂದರು. ಈಗ ದಿನಾ ಹನ್ನೊಂದರ ಹೊತ್ತಿಗೆ ಗುರುಬಸಪ್ಪನವರು ಒಮ್ಮೆ ಕೆಮ್ಮಿ, "ಏನಮ್ಮ ಹೂಜಿ, ಖಾಲಿಯಾದೆಯಾ?" ಎಂದು ಅದರಲ್ಲಿ ನೀರು ಕೊಡುತ್ತಾರೆ. ಮೊದಲ ವಾರ ಪ್ರತಿ ಸಲವೂ ಕ್ಷಮೆ ಕೇಳಿದೆ. ಈಗ ಕೇಳುವುದಿಲ್ಲ, ಒಮ್ಮೊಮ್ಮೆ ಬಿಟ್ಟರೆ. ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರನ್ನೇ ಕರೆಸಿ ಮತ್ತೆ ನೋಡುತ್ತಿದ್ದೇನೆ. ಮೊದಲು ಅವರ ಕೈಯಿಂದ ನೀರು ಇಸಿದುಕೊಂಡು ಕುಡಿಯುತ್ತೇನೆ, ಆಮೇಲೆ ಗಾಜು ಹಾಕುತ್ತೇನೆ. ಇಲ್ಲ ಎನ್ನುವವರು ಜಾಸ್ತಿಯಾಗಿದ್ದಾರೆ. ಕೆಲಸವೂ ಜಾಸ್ತಿಯಾಗಿದೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ಗೊತ್ತಿಲ್ಲ. ಆ ಮಂಗಳವಾರ ಫ್ರೇಮಿನ ಡಬ್ಬದ ಹಿಂದಿನಿಂದ ನನ್ನ ಬಾಟಲಿಯನ್ನು ಯಾರು ತೆಗೆದರು ಎಂಬುದು. ಗುರುಬಸಪ್ಪನವರನ್ನು ಕೇಳಿದರೆ "ಯಾವ ಬಾಟಲಿ?" ಎಂದು ಮೀಸೆ ಒರೆಸಿಕೊಂಡರು. ಅವರಿಗೆ ಒಂಬತ್ತು ವರ್ಷದಿಂದ ಗೊತ್ತಿತ್ತೇ, ಅಥವಾ ಕಸ ಗುಡಿಸುವವರು ಎತ್ತಿ ಎಸೆದರೇ, ಅಥವಾ ಹಿಂದಿನ ದಿನ ನಾನೇ ಎಲ್ಲೋ ಮರೆತೆನೇ, ಹೇಳಲಾರೆ. ಎದುರು ಕೂತವರ ಬಾಯಾರಿಕೆ ಯಾವುದು, ನನ್ನ ಅಂಜಿಕೆ ಯಾವುದು ಎಂದೂ ಇವತ್ತಿನವರೆಗೆ ನನಗೆ ಬೇರೆ ಮಾಡಲು ಬಂದಿಲ್ಲ.